ಬಂಗು ಮತ್ತು ಮೊಡವೆ ಕಲೆಗಳಿಗೆ ಪ್ರೊಬಯಾಟಿಕ್ ಮೂಲದ ಲೇಪನಗಳು: ಮಲೆನಾಡಿನವರಿಗೆ ಬಳಕೆಯ ಕ್ರಮ

ಶಿವಮೊಗ್ಗದ ಮೆಡಿಕಲ್ ಶಾಪುಗಳಲ್ಲೂ ಮೊಬೈಲಿನಲ್ಲಿ ತರಿಸಿಕೊಳ್ಳುವ ಅಂಗಡಿಗಳಲ್ಲೂ ‘ಪ್ರೊಬಯಾಟಿಕ್’, ‘ಫರ್ಮೆಂಟ್’, ‘ಲೈಸೇಟ್’ ಎಂದು ಬರೆದ ಸೀರಂ ಮತ್ತು ಕ್ರೀಮುಗಳು ಈಗ ಸುಲಭವಾಗಿ ಸಿಗುತ್ತವೆ. ಕೊನೆಕೊಯ್ಲಿನ ಕಾಲದಲ್ಲಿ ದಿನವಿಡೀ ಅಂಗಳದ ಬಿಸಿಲಿನಲ್ಲಿ ಅಡಿಕೆ ಹರವಿ, ಬೇಯಿಸುವ ಹಂಡೆಯ ಮುಂದೆ ನಿಂತು ದುಡಿದವರ ಕೆನ್ನೆಯ ಮೇಲೆ ಬಂಗು ಗಾಢವಾದಾಗ, ಅಥವಾ ಮೊಡವೆ ವಾಸಿಯಾದ ಮೇಲೂ ಅದರ ಕಪ್ಪು ಕಲೆ ಉಳಿದುಕೊಂಡಾಗ, ಇಂಥ ಒಂದು ಬಾಟಲಿಯನ್ನು ಕೊಳ್ಳಬೇಕೆ ಎಂಬ ಪ್ರಶ್ನೆ ಏಳುವುದು ಸಹಜ. ನನ್ನ ನಿಲುವನ್ನು ಮೊದಲೇ ಹೇಳುತ್ತೇನೆ. ಈ ಸೂಕ್ಷ್ಮಾಣು ಮೂಲದ ಪದಾರ್ಥಗಳು ಕಲೆಯನ್ನು ತಾವೇ ಅಳಿಸುವಷ್ಟು ಬಲವುಳ್ಳವಲ್ಲ. ಆದರೆ ಕೆರಳಿದ ಚರ್ಮವನ್ನು ಶಮನಗೊಳಿಸಿ, ಕಲೆಯ ಮೇಲೆ ನಿಜವಾಗಿ ಕೆಲಸ ಮಾಡುವ ಔಷಧಿಗಳನ್ನು ತಾಳಿಕೊಳ್ಳುವ ಶಕ್ತಿಯನ್ನು ಅದಕ್ಕೆ ಕೊಡುತ್ತವೆ. ನಮ್ಮಂಥ ಕಂದು ಮೈಬಣ್ಣದವರಿಗೆ ಇದು ಸಣ್ಣ ಸಹಾಯವಲ್ಲ, ಏಕೆಂದರೆ ನಮ್ಮ ಚರ್ಮದಲ್ಲಿ ಪ್ರತಿಯೊಂದು ಉರಿಯೂತವೂ ಒಂದು ಹೊಸ ಕಲೆಯನ್ನು ಬಿಟ್ಟುಹೋಗಬಲ್ಲದು.

ಈ ಲೇಖನದ ಗುರಿ ಬಿಳಿಯಾಗುವುದಲ್ಲ. ಹುಟ್ಟಿನಿಂದ ಬಂದ ಮೈಬಣ್ಣವನ್ನು ಬದಲಿಸುವುದಾಗಿ ಹೇಳುವ ಯಾವ ಲೇಪನವನ್ನೂ ನಾನು ಸೂಚಿಸುವುದಿಲ್ಲ. ಮುಖದ ಉಳಿದ ಭಾಗಕ್ಕಿಂತ ಗಾಢವಾಗಿರುವ ಕಲೆಗಳನ್ನು ಸುತ್ತಲಿನ ಬಣ್ಣಕ್ಕೆ ಹತ್ತಿರ ತರುವುದಷ್ಟೇ ಇಲ್ಲಿಯ ವಿಷಯ.

ಬಾಟಲಿಯಲ್ಲಿ ಇರುವುದು ಏನು

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಹಾಗೂ ಕೃಷಿ ಸಂಸ್ಥೆಯ ತಜ್ಞರು 2001ರಲ್ಲಿ ಕೊಟ್ಟ ವಿವರಣೆಯ ಪ್ರಕಾರ, ಸಾಕಷ್ಟು ಪ್ರಮಾಣದಲ್ಲಿ ತೆಗೆದುಕೊಂಡಾಗ ಆರೋಗ್ಯಕ್ಕೆ ಉಪಕಾರ ಮಾಡುವ ಜೀವಂತ ಸೂಕ್ಷ್ಮಾಣುಗಳೇ ಪ್ರೊಬಯಾಟಿಕ್. ಮುಖಕ್ಕೆ ಹಚ್ಚುವ ಬಹುತೇಕ ಕ್ರೀಮುಗಳಲ್ಲಿ ಜೀವಂತ ಬ್ಯಾಕ್ಟೀರಿಯಾ ಇರುವುದಿಲ್ಲ. ಕ್ರೀಮು ಕೆಡದಂತೆ ಸೇರಿಸುವ ಸಂರಕ್ಷಕಗಳು ಒಳ್ಳೆಯ ಸೂಕ್ಷ್ಮಾಣು, ಕೆಟ್ಟ ಸೂಕ್ಷ್ಮಾಣು ಎಂಬ ಭೇದ ಮಾಡುವುದಿಲ್ಲ. ಅಲ್ಲಿ ಯಾವುದೂ ಬೆಳೆಯದಂತೆ ನೋಡಿಕೊಳ್ಳುವುದೇ ಅವುಗಳ ಕೆಲಸ. ಆದ್ದರಿಂದ ನಾವು ಕೊಳ್ಳುವುದು ಸತ್ತ ಬ್ಯಾಕ್ಟೀರಿಯಾಗಳನ್ನು, ಅವುಗಳ ಒಡೆದ ತುಣುಕುಗಳನ್ನು, ಅಥವಾ ಅವು ಬೆಳೆಯುವಾಗ ದ್ರವಕ್ಕೆ ಬಿಟ್ಟುಕೊಟ್ಟ ಪದಾರ್ಥಗಳನ್ನು. ಇವುಗಳಲ್ಲಿ ಸತ್ತ ಸೂಕ್ಷ್ಮಾಣು ಅಥವಾ ಅವುಗಳ ತುಣುಕು ಇರುವ ತಯಾರಿಕೆಗಳಿಗೆ 2021ರಲ್ಲಿ ತಜ್ಞರ ಅಂತರರಾಷ್ಟ್ರೀಯ ಸಂಘವೊಂದು ‘ಪೋಸ್ಟ್‌ಬಯಾಟಿಕ್’ ಎಂಬ ಹೆಸರನ್ನು ನಿಗದಿಗೊಳಿಸಿತು. ಜೀವ ಇಲ್ಲವೆಂಬುದು ಇವುಗಳ ದೋಷವಲ್ಲ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದೆ ಫ್ರಿಜ್ ನಿಂತುಹೋಗುವ ಊರುಗಳಲ್ಲಿ, ಜೀವಂತ ಸೂಕ್ಷ್ಮಾಣುಗಳನ್ನು ತಣ್ಣಗೆ ಕಾಪಾಡುವುದಕ್ಕಿಂತ ನಿರ್ಜೀವ ತಯಾರಿಕೆಯನ್ನು ಬಳಸುವುದೇ ಕ್ಷೇಮ.

ತಯಾರಿಯ ಕ್ರಮ ನಮಗೆ ಅಪರಿಚಿತವಲ್ಲ. ಹಾಲಿಗೆ ಹೆಪ್ಪು ಹಾಕಿದಾಗ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಕಾರ್ಖಾನೆಯಲ್ಲಿ ಇದೇ ಹುದುಗುವಿಕೆಯನ್ನು (ಲೇಬಲ್ಲಿನ ‘ಫರ್ಮೆಂಟ್’ ಎಂದರೆ ಇದರಿಂದ ಬಂದದ್ದು) ಉಕ್ಕಿನ ಮುಚ್ಚಿದ ತೊಟ್ಟಿಗಳಲ್ಲಿ, ಗುರುತಿಸಿ ಬೇರ್ಪಡಿಸಿದ ಒಂದೇ ತಳಿಯಿಂದ, ನಿಗದಿತ ಉಷ್ಣತೆಯಲ್ಲಿ ನಡೆಸಲಾಗುತ್ತದೆ. ಬಳಿಕ ಜೀವಕೋಶಗಳನ್ನು ಒಡೆದರೆ ದೊರೆಯುವುದು ಲೈಸೇಟ್; ಕೋಶಗಳನ್ನು ಸೋಸಿ ತೆಗೆದು ದ್ರವವನ್ನಷ್ಟೇ ಉಳಿಸಿಕೊಂಡರೆ ಅದು ಫಿಲ್ಟ್ರೇಟ್; ದ್ರವದಿಂದ ಒಂದೇ ವಸ್ತುವನ್ನು ಶುದ್ಧೀಕರಿಸಿ ತೆಗೆದರೆ ಲ್ಯಾಕ್ಟಿಕ್ ಆಮ್ಲದಂಥ ನಿರ್ದಿಷ್ಟ ರಾಸಾಯನಿಕ. ಚರ್ಮದಲ್ಲಿ ತೇವ ಹಿಡಿದಿಡುವ ಹಯಲುರಾನಿಕ್ ಆಮ್ಲವೂ ಈಗ ಹೆಚ್ಚಾಗಿ ಬ್ಯಾಕ್ಟೀರಿಯಾಗಳ ಹುದುಗುವಿಕೆಯಿಂದಲೇ ಬರುತ್ತದೆ.

ಬಣ್ಣ ಹುಟ್ಟುವ ಬಗೆ ಮತ್ತು ಇವು ತಡೆಯುವ ಜಾಗ

ಚರ್ಮದ ಹೊರಪದರದ ತಳದಲ್ಲಿ ಮೆಲನೋಸೈಟ್ ಎಂಬ ಕೋಶಗಳಿವೆ. ಅವುಗಳೊಳಗೆ ತಾಮ್ರವನ್ನು ಹೊಂದಿರುವ ಟೈರೋಸಿನೇಸ್ ಎಂಬ ಕಿಣ್ವವು ಟೈರೋಸಿನ್ ಎಂಬ ಅಮೈನೋ ಆಮ್ಲವನ್ನು ಹಂತಹಂತವಾಗಿ ಮೆಲನಿನ್ ಎಂಬ ಬಣ್ಣದ ವಸ್ತುವಾಗಿಸುವ ಕೆಲಸವನ್ನು ಆರಂಭಿಸುತ್ತದೆ. ಸಿದ್ಧವಾದ ಮೆಲನಿನ್ ಸಣ್ಣ ಚೀಲಗಳಲ್ಲಿ ತುಂಬಿ ಸುತ್ತಲಿನ ಸಾಮಾನ್ಯ ಚರ್ಮಕೋಶಗಳಿಗೆ ಸಾಗುತ್ತದೆ. ಅಲ್ಲಿ ಅದು, ಗದ್ದೆ ನಾಟಿ ಮಾಡುವವರು ಬೆನ್ನಿನ ಮೇಲೆ ಗೊರಬು ಹೊದ್ದಂತೆ, ಕೋಶದ ಕೇಂದ್ರದ ಮೇಲ್ಭಾಗದಲ್ಲಿ ಕವಿದು ಕೂತು ಒಳಗಿನ ವಂಶವಾಹಿಯನ್ನು ಬಿಸಿಲಿನ ನೇರಳಾತೀತ ಕಿರಣಗಳಿಂದ ಕಾಪಾಡುತ್ತದೆ. ಬಿಸಿಲು, ಗರ್ಭಾವಸ್ಥೆಯ ಹಾರ್ಮೋನುಗಳು, ಗರ್ಭನಿರೋಧಕ ಮಾತ್ರೆ, ಗಾಯ, ಉರಿಯೂತ, ಉಜ್ಜಾಟ ಇವುಗಳಲ್ಲಿ ಯಾವುದು ಹೆಚ್ಚಾದರೂ ಈ ರಕ್ಷಣೆಯ ಕೆಲಸ ಅಳತೆ ಮೀರಿ ಕೆಲವೆಡೆ ಮಾತ್ರ ಬಣ್ಣ ಕಟ್ಟುತ್ತದೆ.

ಪ್ರೊಬಯಾಟಿಕ್ ಮೂಲದ ಪದಾರ್ಥಗಳು ಈ ಸರಪಳಿಯ ಬೇರೆ ಬೇರೆ ಕೊಂಡಿಗಳನ್ನು ಮುಟ್ಟುತ್ತವೆ. ಲ್ಯಾಕ್ಟಿಕ್ ಆಮ್ಲವು ಮೇಲ್ಪದರದ ಸತ್ತ ಕೋಶಗಳ ಬೆಸುಗೆಯನ್ನು ಸಡಿಲಿಸಿ, ಬಣ್ಣ ತುಂಬಿದ ಕೋಶಗಳು ಬೇಗ ಉದುರುವಂತೆ ಮಾಡುತ್ತದೆ. ಪ್ರಯೋಗಾಲಯದ ಕೋಶಗಳಲ್ಲಿ ಟೈರೋಸಿನೇಸ್ ಕಿಣ್ವವನ್ನೂ ನೇರವಾಗಿ ತಗ್ಗಿಸಿದ್ದು ಕಂಡುಬಂದಿದೆ. ಮೊಸರಿನ ಬ್ಯಾಕ್ಟೀರಿಯಾಗಳಲ್ಲೊಂದಾದ ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್‌ನಲ್ಲಿರುವ ಒಂದು ಕಿಣ್ವವು ಚರ್ಮದಲ್ಲಿ ಸೆರಮೈಡ್ ಎಂಬ ಕೊಬ್ಬಿನ ಪ್ರಮಾಣವನ್ನು ಹೆಚ್ಚಿಸುತ್ತದೆ. ಸೆರಮೈಡ್ ಸಾಕಷ್ಟಿದ್ದರೆ ಚರ್ಮದ ತೇವ ಆರುವುದಿಲ್ಲ, ಹೊರಗಿನ ಕೆರಳಿಕೆಯೂ ಸುಲಭವಾಗಿ ಒಳಹೊಗುವುದಿಲ್ಲ. ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್‌ನ ಕೋಶಭಿತ್ತಿಯಿಂದ ತೆಗೆದ ಲೈಪೋಟೈಕೋಯಿಕ್ ಆಮ್ಲವು ಇಲಿಯ ಮೆಲನೋಮಾ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಕೋಶಗಳಲ್ಲಿ ಮೆಲನಿನ್ ತಯಾರಿಕೆಯನ್ನು ಕಡಿಮೆ ಮಾಡಿದ್ದನ್ನು ಕೊರಿಯಾದ ಸಂಶೋಧಕರು ವರದಿ ಮಾಡಿದ್ದಾರೆ.

ಇಲ್ಲಿ ಓದುಗರು ಸ್ವಲ್ಪ ನಿಂತು ಯೋಚಿಸಬೇಕು, ಏಕೆಂದರೆ ಜಾಹೀರಾತುಗಳಲ್ಲಿ ‘ವೈಜ್ಞಾನಿಕವಾಗಿ ಸಾಬೀತಾಗಿದೆ’ ಎಂಬ ಮಾತು ಹೆಚ್ಚಾಗಿ ಬರುವುದು ಇಂಥ ಪ್ರಯೋಗಗಳ ಆಧಾರದ ಮೇಲೆಯೇ. ತಟ್ಟೆಯಲ್ಲಿ ಬೆಳೆಸಿದ ಇಲಿಯ ಕೋಶಗಳ ಮೇಲೆ ಪದಾರ್ಥವು ನೇರವಾಗಿ ಬೀಳುತ್ತದೆ; ಮನುಷ್ಯನ ಮುಖದಲ್ಲಾದರೆ ಅದು ಮೇಲಿನ ಗಟ್ಟಿ ಪದರವನ್ನು ದಾಟಿ ತಳಕ್ಕೆ ಇಳಿಯಬೇಕು, ಮತ್ತು ಬ್ಯಾಕ್ಟೀರಿಯಾದ ದೊಡ್ಡ ಅಣುಗಳಿಗೆ ಆ ದಾರಿ ಸುಲಭವಲ್ಲ. ಇನ್ನೊಂದು ಬಗೆಯ ಪರೀಕ್ಷೆಯಲ್ಲಿ ಅಣಬೆಯಿಂದ ತೆಗೆದ ಟೈರೋಸಿನೇಸನ್ನು ಬಳಸುತ್ತಾರೆ, ಏಕೆಂದರೆ ಅದು ಅಗ್ಗ ಮತ್ತು ಸುಲಭವಾಗಿ ಸಿಗುತ್ತದೆ. ಅಣಬೆಯ ಕಿಣ್ವವೂ ಮನುಷ್ಯನ ಕಿಣ್ವವೂ ರಚನೆಯಲ್ಲಿ ಬೇರೆಯಾದ್ದರಿಂದ, ಅಣಬೆಯದನ್ನು ಚೆನ್ನಾಗಿ ತಡೆಯುವ ವಸ್ತು ಮನುಷ್ಯನದರ ಮುಂದೆ ದುರ್ಬಲವಾಗಬಹುದು. ಬಂಗು ಇರುವ ಮನುಷ್ಯರ ಮೇಲೆ, ಹೋಲಿಕೆಗೆ ಇನ್ನೊಂದು ಗುಂಪನ್ನಿಟ್ಟು, ಹಲವು ವಾರ ನಡೆಸಿದ ಅಧ್ಯಯನವೇ ನಂಬಲರ್ಹ ಆಧಾರ. ಅಂಥ ಆಧಾರ ಕಲೆಗಳಿಗೆ ಹಚ್ಚುವ ನಿಯಾಸಿನಮೈಡ್, ಅಜೆಲೈಕ್ ಆಮ್ಲ ಮುಂತಾದವುಗಳಿಗೆ ಬಹಳಷ್ಟಿದೆ, ಬ್ಯಾಕ್ಟೀರಿಯಾ ಲೈಸೇಟುಗಳಿಗೆ ಕಡಿಮೆ. ಮುಂದಿನ ಹಂತಗಳನ್ನು ಈ ವ್ಯತ್ಯಾಸವನ್ನು ಗಮನದಲ್ಲಿಟ್ಟುಕೊಂಡೇ ಜೋಡಿಸಿದ್ದೇನೆ.

ಮೊದಲ ಹಂತ: ಕಲೆ ಯಾವುದೆಂದು ತಿಳಿಯುವುದು

ಎರಡೂ ಕೆನ್ನೆ, ಹಣೆ, ಮೇಲ್ದುಟಿಯ ಮೇಲೆ ಹೆಚ್ಚುಕಡಿಮೆ ಸಮನಾಗಿ ಹರಡಿದ ಕಂದು ಮಚ್ಚೆಗಳು ಬಂಗಾಗಿರುವ ಸಾಧ್ಯತೆ ಹೆಚ್ಚು. ಮೊಡವೆ, ಸುಟ್ಟ ಗಾಯ ಅಥವಾ ತುರಿಕೆ ಇದ್ದ ಜಾಗದಲ್ಲೇ ಉಳಿದದ್ದು ಉರಿಯೂತದ ನಂತರದ ಕಲೆ. ಈ ಲೇಖನದ ಕ್ರಮ ಮುಖ್ಯವಾಗಿ ಈ ಎರಡಕ್ಕೆ ಅನ್ವಯಿಸುತ್ತದೆ. ಕಂದು ಬಣ್ಣದ್ದು ಮೇಲ್ಪದರದಲ್ಲಿದ್ದು ಬೇಗ ತಿಳಿಯಾಗುತ್ತದೆ. ನೀಲಿ ಅಥವಾ ಬೂದಿ ಛಾಯೆ ಇದ್ದರೆ ಬಣ್ಣ ಒಳಪದರಕ್ಕೆ ಇಳಿದಿದೆ ಎಂದರ್ಥ, ಅದಕ್ಕೆ ಹೊರಗಿನ ಲೇಪನ ಹೆಚ್ಚೇನೂ ಮಾಡಲಾರದು.

ಬಂಗಿನಂತೆ ಕಾಣುವ ಬೇರೆ ಸಂಗತಿಗಳೂ ನಮ್ಮಲ್ಲಿವೆ. ಕುತ್ತಿಗೆಯ ಹಿಂಭಾಗ ಮತ್ತು ಕಂಕುಳಲ್ಲಿ ಚರ್ಮ ದಪ್ಪಗಾಗಿ, ಮಖಮಲ್ಲಿನ ಹಾಗೆ ಕಪ್ಪಾದರೆ ಅದು ಹೆಚ್ಚಾಗಿ ದೇಹ ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದಿರುವುದರ ಸೂಚನೆ. ಕ್ರೀಮು ಕೊಳ್ಳುವ ಮೊದಲು ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಬೇಕು. ಹಣೆಯಲ್ಲಿ ಬಿಂದಿ ಅಥವಾ ಕುಂಕುಮ ಇಡುವ ಜಾಗದಲ್ಲಷ್ಟೇ, ಇಲ್ಲವೇ ಕೂದಲಿಗೆ ಬಣ್ಣ ಹಚ್ಚಿದ ಮೇಲೆ ಹಣೆಯಂಚಿನಲ್ಲಿ ಕಪ್ಪು ಕಟ್ಟಿದರೆ, ಅದು ಅವುಗಳಲ್ಲಿನ ಬಣ್ಣಕ್ಕೆ ಬಂದ ಅಲರ್ಜಿಯಾಗಿರಬಹುದು. ಸ್ನಾನಕ್ಕೆ ನೈಲಾನ್ ಬ್ರಷ್ ಹಾಕಿ ವರ್ಷಗಟ್ಟಲೆ ತಿಕ್ಕಿದವರ ಬೆನ್ನು ಮತ್ತು ತೋಳಿನಲ್ಲಿ ಅಲೆಯಲೆಯಾದ ಕಪ್ಪು ಮೂಡುತ್ತದೆ, ಅದಕ್ಕೆ ಮದ್ದು ಬ್ರಷ್ ಬಿಡುವುದೇ. ಕಾಡಂಚಿನ ತೋಟಗಳಲ್ಲಿ ಸೊಪ್ಪು ಕಡಿಯುವವರಿಗೆ ಹೊಲಗೇರು ಮತ್ತು ಕರಿಗೇರಿನ ಸೋನೆ ತಾಗಿ ಬೊಬ್ಬೆಯೆದ್ದು ವಾಸಿಯಾದ ಮೇಲೆ ಉಳಿಯುವ ಕಲೆ ಉರಿಯೂತದ ನಂತರದ ಕಲೆಯೇ, ಆದರೆ ಸೋನೆ ಮತ್ತೆ ತಾಗದಂತೆ ನೋಡಿಕೊಳ್ಳದೆ ಯಾವ ಲೇಪನವೂ ಉಪಯೋಗಕ್ಕೆ ಬಾರದು. ಅಡಿಕೆ ಸುಲಿದವರ ಬೆರಳುಗಳ ಚೊಗರಿನ ಕಪ್ಪು ಮಾತ್ರ ಚರ್ಮದ ಮೇಲಿನ ಕರೆ, ಅದು ತಾನಾಗಿ ಹೋಗುತ್ತದೆ.

ಒಂದೇ ಒಂದು ಮಚ್ಚೆ ಅಂಚು ಸೊಟ್ಟಾಗಿ, ಬಣ್ಣ ಬದಲಾಗುತ್ತ, ದೊಡ್ಡದಾಗುತ್ತ ಅಥವಾ ರಕ್ತ ಒಸರುತ್ತಿದ್ದರೆ ಲೇಪನದ ಮಾತನ್ನೇ ಬಿಟ್ಟು ಚರ್ಮವೈದ್ಯರಲ್ಲಿಗೆ ಹೋಗಬೇಕು. ಶಿವಮೊಗ್ಗದಲ್ಲಿ ಖಾಸಗಿ ತಜ್ಞರಲ್ಲದೆ ಮೆಗ್ಗಾನ್ ಬೋಧನಾ ಆಸ್ಪತ್ರೆಯೂ ಇದೆ.

ಎರಡನೆಯ ಹಂತ: ನಿಲ್ಲಿಸಬೇಕಾದದ್ದನ್ನು ನಿಲ್ಲಿಸುವುದು

ಹೊಸದನ್ನು ಹಚ್ಚುವುದಕ್ಕಿಂತ ಮೊದಲು, ಈಗಾಗಲೇ ಹಚ್ಚುತ್ತಿರುವ ಟ್ಯೂಬುಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು ಹೆಸರು ಓದಬೇಕು. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್, ಫ್ಲೂಸಿನೋಲೋನ್ ಎಂಬುವು ಸ್ಟೀರಾಯ್ಡುಗಳು. ಕಲೆಯನ್ನು ತಿಳಿಗೊಳಿಸುವ ಹೈಡ್ರೋಕ್ವಿನೋನ್ ಮತ್ತು ವಿಟಮಿನ್ ಎ ಜಾತಿಯ ಟ್ರೆಟಿನಾಯಿನ್ ಜೊತೆ ಸ್ಟೀರಾಯ್ಡ್ ಬೆರೆಸಿದ ಮುಲಾಮು ವೈದ್ಯರ ನಿಗಾದಲ್ಲಿ, ನಿಗದಿತ ಅವಧಿಗೆ ಬಂಗಿಗೆ ಒಳ್ಳೆಯ ಔಷಧಿಯೇ. ಅದನ್ನೇ ನೆರೆಮನೆಯವರು ಹೇಳಿದರೆಂದು ವರ್ಷಗಟ್ಟಲೆ ದಿನನಿತ್ಯದ ಕ್ರೀಮಿನಂತೆ ಹಚ್ಚಿದರೆ ಚರ್ಮ ತೆಳುವಾಗಿ, ಕೆಂಪು ನರಗಳು ಕಾಣಿಸಿ, ಮುಖದ ಮೇಲೆ ಕೂದಲು ಬೆಳೆದು, ಬಿಟ್ಟ ತಕ್ಷಣ ಉರಿ ಏಳುತ್ತದೆ. ಕೇಂದ್ರ ಸರ್ಕಾರವು 2018ರಲ್ಲಿ ಚರ್ಮಕ್ಕೆ ಹಚ್ಚುವ ಇನ್ನಷ್ಟು ಸ್ಟೀರಾಯ್ಡುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಿಗಳ ಪಟ್ಟಿಗೆ ಸೇರಿಸಿದ್ದು ಈ ಕಾರಣಕ್ಕಾಗಿಯೇ. ದೀರ್ಘಕಾಲ ಬಳಸಿದವರು ತಾವಾಗಿಯೇ ಥಟ್ಟನೆ ನಿಲ್ಲಿಸಬಾರದು. ಹೇಗೆ ಇಳಿಸುವುದೆಂದು ವೈದ್ಯರೇ ಹೇಳಬೇಕು.

ತಯಾರಕರ ವಿಳಾಸವಿಲ್ಲದ, ಕೆಲವೇ ದಿನಗಳಲ್ಲಿ ಬೆಳ್ಳಗಾಗಿಸುವ ಕ್ರೀಮುಗಳಲ್ಲಿ ಪಾದರಸ ಇರುವ ಅಪಾಯವಿದೆ, ಅದು ಮೂತ್ರಪಿಂಡಕ್ಕೂ ನರಮಂಡಲಕ್ಕೂ ಹಾನಿಕಾರಕ. ನಿಂಬೆ, ಗಜನಿಂಬೆ, ಹೇರಳೆಯ ರಸವನ್ನೂ ಮುಖಕ್ಕೆ ಹಚ್ಚಬಾರದು. ಈ ಜಾತಿಯ ಹಣ್ಣುಗಳ ಸಿಪ್ಪೆ ಮತ್ತು ರಸದಲ್ಲಿರುವ ಕೆಲವು ವಸ್ತುಗಳು ಬಿಸಿಲಿನೊಡನೆ ಸೇರಿ ಚರ್ಮವನ್ನು ಸುಟ್ಟು, ಇದ್ದ ಕಲೆಗಿಂತ ಗಾಢವಾದ ಕಲೆಯನ್ನು ಬರೆಯುತ್ತವೆ. ಹೆಸರುಹಿಟ್ಟು, ಕಡಲೆಹಿಟ್ಟಿನಿಂದ ಮೃದುವಾಗಿ ತೊಳೆಯುವುದಕ್ಕೆ ಅಡ್ಡಿಯಿಲ್ಲ, ಆದರೆ ಕಲೆ ಹೋಗಲೆಂದು ಅದೇ ಜಾಗವನ್ನು ಒತ್ತಿ ತಿಕ್ಕುವುದು ಕಲೆಯನ್ನು ಬೆಳೆಸುವ ದಾರಿ.

ಮೂರನೆಯ ಹಂತ: ಬಿಸಿಲಿಗೆ ಮರೆ

ಇದನ್ನು ಬಿಟ್ಟವರು ಮುಂದಿನ ಹಂತಗಳಿಗೆ ಹಣ ಖರ್ಚು ಮಾಡದಿರುವುದೇ ಒಳ್ಳೆಯದು. ನೇರಳಾತೀತ ಕಿರಣಗಳು ಆಗುಂಬೆಯ ಮೋಡವನ್ನೂ ತಕ್ಕಮಟ್ಟಿಗೆ ದಾಟಿ ಬರುತ್ತವೆ. ಸಾಗರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವರ ಕೆನ್ನೆಗೆ ಗಾಜಿನ ಮೂಲಕವೂ ಅವುಗಳಲ್ಲಿ ಒಂದು ಬಗೆ ತಲಪುತ್ತದೆ. ಅಷ್ಟೇ ಅಲ್ಲ, ಕಂದು ಚರ್ಮದಲ್ಲಿ ಕಣ್ಣಿಗೆ ಕಾಣುವ ಬೆಳಕೂ ಬಣ್ಣ ಕಟ್ಟಿಸುತ್ತದೆ. ಸಾಮಾನ್ಯ ಸನ್‌ಸ್ಕ್ರೀನ್ ಈ ಬೆಳಕನ್ನು ತಡೆಯುವುದಿಲ್ಲ, ಐರನ್ ಆಕ್ಸೈಡ್ ಸೇರಿಸಿದ ಬಣ್ಣದ ಸನ್‌ಸ್ಕ್ರೀನ್ ತಡೆಯುತ್ತದೆ. ಆದ್ದರಿಂದ ಬಂಗು ಇರುವವರು ಎಸ್‌ಪಿಎಫ್ 30 ಅಥವಾ ಹೆಚ್ಚಿನ, ಪಿಎ ಗುರುತಿನ ಮುಂದೆ ಕನಿಷ್ಠ ಮೂರು ಪ್ಲಸ್ ಇರುವ, ತಮ್ಮ ಮೈಬಣ್ಣಕ್ಕೆ ಹೊಂದುವ ಬಣ್ಣದ ಸನ್‌ಸ್ಕ್ರೀನನ್ನು ಆರಿಸಿಕೊಳ್ಳಬೇಕು. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಹಿಂಡಿದಷ್ಟು ಪ್ರಮಾಣ ಮುಖ ಮತ್ತು ಕುತ್ತಿಗೆಗೆ ಬೇಕು. ಬೆವರುವ ಕೆಲಸವಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ತೋಟದಲ್ಲಿ, ಅಂಗಳದಲ್ಲಿ ಕೆಲಸ ಮಾಡುವವರಿಗೆ ಇದು ಪ್ರತಿದಿನ ಸಾಧ್ಯವಾಗದೆಂದು ನನಗೆ ತಿಳಿದಿದೆ. ಅವರು ಅಗಲ ಅಂಚಿನ ಟೊಪ್ಪಿಯನ್ನೋ ಮುಖಕ್ಕೆ ನೆರಳು ಬೀಳುವಂತೆ ಕಟ್ಟಿದ ವಸ್ತ್ರವನ್ನೋ ಬಳಸಿ, ಅಡಿಕೆ ಹರವುವ ಮತ್ತು ಕೂಡಿಡುವ ಕೆಲಸವನ್ನು ಬೆಳಗಿನ ಮತ್ತು ಸಂಜೆಯ ಹೊತ್ತಿಗೆ ಸರಿಸಿಕೊಂಡರೆ ಅದೂ ದೊಡ್ಡ ರಕ್ಷಣೆಯೇ. ಹಂಡೆ ಮತ್ತು ಒಲೆಯ ಝಳವೂ ಬಂಗನ್ನು ಕೆದಕಬಹುದಾದ್ದರಿಂದ ಮುಖವನ್ನು ಅದರಿಂದ ದೂರವಿಡಬೇಕು.

ನಾಲ್ಕನೆಯ ಹಂತ: ಲೇಬಲ್ ಓದುವುದು

ನಮ್ಮ ದೇಶದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಶೇ. 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು, ಅದಕ್ಕಿಂತ ಕಡಿಮೆಯವು ಯಾವ ಕ್ರಮದಲ್ಲಾದರೂ ಇರಬಹುದು. ಸಂರಕ್ಷಕಗಳೂ ಸುಗಂಧವೂ ಸಾಮಾನ್ಯವಾಗಿ ಶೇ. 1ಕ್ಕಿಂತ ಕಡಿಮೆ ಇರುತ್ತವೆ. ಫರ್ಮೆಂಟಿನ ಹೆಸರು ಅವುಗಳ ಬಳಿಕ, ಪಟ್ಟಿಯ ಬಾಲದಲ್ಲಿ ಕಂಡರೆ ಅದು ಹೆಸರಿಗಷ್ಟೇ ಇದೆ ಎಂದು ತಿಳಿಯಬಹುದು.

ಹುಡುಕಬೇಕಾದ ಹೆಸರುಗಳು ಇವು: ಬಿಫಿಡಾ ಫರ್ಮೆಂಟ್ ಲೈಸೇಟ್, ಲ್ಯಾಕ್ಟೋಬ್ಯಾಸಿಲಸ್ ಫರ್ಮೆಂಟ್, ಲ್ಯಾಕ್ಟೋಬ್ಯಾಸಿಲಸ್ ಫರ್ಮೆಂಟ್ ಲೈಸೇಟ್, ಲ್ಯಾಕ್ಟೋಕಾಕಸ್ ಫರ್ಮೆಂಟ್ ಲೈಸೇಟ್, ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್ ಫರ್ಮೆಂಟ್. ಲ್ಯಾಕ್ಟೋಬ್ಯಾಸಿಲಸ್ ಎಂಬ ದೊಡ್ಡ ಕುಲವನ್ನು ವಿಜ್ಞಾನಿಗಳು 2020ರಲ್ಲಿ 25 ಕುಲಗಳಾಗಿ ಒಡೆದದ್ದರಿಂದ ಹಳೆಯ ಪ್ಲಾಂಟಾರಮ್ ಈಗ ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್ ಪ್ಲಾಂಟಾರಮ್ ಆಗಿದೆ. ಹೆಸರು ಬೇರೆಯೆಂದು ಗೊಂದಲ ಬೇಡ. ಗ್ಯಾಲಕ್ಟೋಮೈಸಿಸ್ ಮತ್ತು ಸ್ಯಾಕರೋಮೈಸಿಸ್ ಫರ್ಮೆಂಟುಗಳು ಬ್ಯಾಕ್ಟೀರಿಯಾದವಲ್ಲ, ಯೀಸ್ಟಿನವು. ಕಲೆಗಳಿಗೆ ಬಳಸುವ ಕೋಜಿಕ್ ಆಮ್ಲ ಶಿಲೀಂಧ್ರದಿಂದ ಬಂದದ್ದು. ಲ್ಯೂಕೋನಾಸ್ಟಾಕ್ ಮತ್ತು ಮೂಲಂಗಿಯ ಫರ್ಮೆಂಟ್ ಫಿಲ್ಟ್ರೇಟ್ ಎಂದಿದ್ದರೆ ಅದನ್ನು ಬಹುಮಟ್ಟಿಗೆ ಸಂರಕ್ಷಕವಾಗಿ ಸೇರಿಸಿರುತ್ತಾರೆ, ಕಲೆಗಾಗಿ ಅಲ್ಲ. ನಮ್ಮ ಇಡ್ಲಿ ಹಿಟ್ಟನ್ನು ಉಬ್ಬಿಸುವ ಬ್ಯಾಕ್ಟೀರಿಯಾಗಳಲ್ಲಿ ಮುಖ್ಯವಾದದ್ದೂ ಲ್ಯೂಕೋನಾಸ್ಟಾಕ್ ಕುಲದ್ದೇ.

‘ಶೇ. 90 ಫರ್ಮೆಂಟ್’ ಎಂಬಂಥ ದೊಡ್ಡ ಅಂಕೆಗೆ ಮರುಳಾಗಬಾರದು. ಫರ್ಮೆಂಟ್ ದ್ರವದ ಬಹುಪಾಲು ನೀರೇ ಆಗಿರುತ್ತದೆ. ಅದರಲ್ಲಿ ಕೆಲಸದ ವಸ್ತು ಎಷ್ಟು ಗಟ್ಟಿಯಾಗಿದೆ ಎಂಬುದನ್ನು ಆ ಅಂಕೆ ಹೇಳುವುದಿಲ್ಲ. ನನ್ನ ಸಲಹೆಯೆಂದರೆ, ಫರ್ಮೆಂಟಿನ ಜೊತೆಗೆ ಶೇ. 4 ಅಥವಾ 5ರ ನಿಯಾಸಿನಮೈಡ್ ಇರುವ, ಸುಗಂಧವಿಲ್ಲದ, ಪಂಪ್ ಅಥವಾ ಟ್ಯೂಬಿನಲ್ಲಿ ಬರುವ ಸರಳ ತಯಾರಿಕೆಯನ್ನು ಆರಿಸುವುದು. ನಿಯಾಸಿನಮೈಡ್ ವಿಟಮಿನ್ ಬಿ3ರ ಒಂದು ರೂಪ. ಅದು ಮೆಲನಿನ್ ಚೀಲಗಳು ಪಕ್ಕದ ಕೋಶಗಳಿಗೆ ಸಾಗುವುದನ್ನು ತಗ್ಗಿಸುತ್ತದೆ ಮತ್ತು ಅದಕ್ಕೆ ಮನುಷ್ಯರ ಮೇಲಿನ ಅಧ್ಯಯನಗಳ ಬೆಂಬಲವಿದೆ. ಬ್ಯಾಚ್ ಸಂಖ್ಯೆ, ಪರವಾನಗಿ ಸಂಖ್ಯೆ, ತಯಾರಕರ ವಿಳಾಸ, ಬಳಕೆಯ ಕೊನೆಯ ದಿನಾಂಕ ಇವುಗಳಲ್ಲಿ ಒಂದು ಇಲ್ಲದಿದ್ದರೂ ಕೊಳ್ಳಬಾರದು.

ಐದನೆಯ ಹಂತ: ಮೊಣಕೈ ಒಳಭಾಗದಲ್ಲಿ ಪರೀಕ್ಷೆ

ಒಂದು ನಾಣ್ಯದಷ್ಟು ಜಾಗದಲ್ಲಿ ದಿನಕ್ಕೆ ಎರಡು ಬಾರಿ, 7ರಿಂದ 10 ದಿನ ಹಚ್ಚಿ ನೋಡಬೇಕು. ಕೆಂಪಾಗದೆ, ತುರಿಸದೆ ಇದ್ದರೆ ಮುಖಕ್ಕೆ ಬಳಸಬಹುದು. ಹಾಲಿನ ಅಲರ್ಜಿ ಇರುವವರು ತಯಾರಿಕೆಯಲ್ಲಿ ಹಾಲಿನ ಅಂಶವಿದೆಯೇ ಎಂದು ನೋಡಿಕೊಳ್ಳಬೇಕು. ತೆರೆದ ಗಾಯ ಇರುವವರು, ಕ್ಯಾನ್ಸರ್ ಚಿಕಿತ್ಸೆ ಅಥವಾ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿಯಲ್ಲಿರುವವರು ಜೀವಂತ ಬ್ಯಾಕ್ಟೀರಿಯಾ ಇರುವ ತಯಾರಿಕೆಗಳನ್ನು ವೈದ್ಯರನ್ನು ಕೇಳದೆ ಬಳಸಬಾರದು.

ಆರನೆಯ ಹಂತ: ಹಚ್ಚುವ ಕ್ರಮ

ಮೊದಲ ಎರಡು ವಾರ ಬೇರೇನನ್ನೂ ಸೇರಿಸದೆ ಚರ್ಮವನ್ನು ಸುಮ್ಮನಿರಿಸುವುದು ಮುಖ್ಯ. ಬೆಳಿಗ್ಗೆ ಹಂಡೆಯ ಸುಡುನೀರಿನ ಬದಲು ಉಗುರುಬೆಚ್ಚಗಿನ ನೀರಿನಲ್ಲಿ, ಮೃದುವಾದ ಫೇಸ್‌ವಾಶ್‌ನಿಂದ ಮುಖ ತೊಳೆದು, ಒದ್ದೆ ಪೂರ್ತಿ ಆರುವ ಮೊದಲೇ ಫರ್ಮೆಂಟ್ ಸೀರಮ್ಮಿನ ಎರಡು ಮೂರು ಹನಿಯನ್ನು ತೆಳುವಾಗಿ ಹಚ್ಚಿ, ಅದರ ಮೇಲೆ ಸನ್‌ಸ್ಕ್ರೀನ್ ಹಚ್ಚಬೇಕು. ರಾತ್ರಿ ಸನ್‌ಸ್ಕ್ರೀನನ್ನು ತೊಳೆದು, ಅದೇ ಸೀರಂ, ಬಳಿಕ ಮಾಯಿಶ್ಚರೈಸರ್. ಡಿಸೆಂಬರ್, ಜನವರಿಯ ಒಣ ಚಳಿಯಲ್ಲಿ ಸೆರಮೈಡ್ ಇರುವ ಸ್ವಲ್ಪ ಗಟ್ಟಿ ಕ್ರೀಮು ಬೇಕಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಗಾಳಿಯೇ ತೇವದಿಂದ ತುಂಬಿರುವಾಗ ತೆಳುವಾದ ಜೆಲ್ ಸಾಕು. ಎದೆ, ಬೆನ್ನಿನ ಮೇಲೆ ಚಿಬ್ಬು ಆಗಾಗ ಬರುವವರು ಎಣ್ಣೆ ಹೆಚ್ಚಿರುವ ತಯಾರಿಕೆಗಳಿಂದ ದೂರವಿರುವುದು ಲೇಸು, ಏಕೆಂದರೆ ಚಿಬ್ಬಿನ ಯೀಸ್ಟ್ ಕೊಬ್ಬನ್ನೇ ತಿಂದು ಬೆಳೆಯುತ್ತದೆ.

ಚರ್ಮ ಉರಿಯದೆ, ಬಿಗಿಯದೆ ಇದೆ ಎಂದು ಖಾತ್ರಿಯಾದ ಮೇಲೆ ಕಲೆಯ ಮೇಲೆ ನೇರವಾಗಿ ಕೆಲಸ ಮಾಡುವ ಒಂದೇ ಒಂದು ಪದಾರ್ಥವನ್ನು ರಾತ್ರಿಯ ಕ್ರಮಕ್ಕೆ ಸೇರಿಸಬೇಕು. ಲ್ಯಾಕ್ಟಿಕ್ ಆಮ್ಲವನ್ನು ಆರಿಸಿಕೊಂಡರೆ ಶೇ. 5ರಿಂದ ಆರಂಭಿಸಿ, ಮನೆಯಲ್ಲಿ ಶೇ. 10ನ್ನು ಮೀರದೆ, ಪಿಎಚ್ (ಆಮ್ಲೀಯತೆಯ ಅಳತೆ; ಅಂಕೆ ಇಳಿದಷ್ಟೂ ಆಮ್ಲ ತೀಕ್ಷ್ಣ) 3.5ಕ್ಕಿಂತ ಕಡಿಮೆಯಿರದ ತಯಾರಿಕೆಯನ್ನು, ಮೊದಲು ವಾರಕ್ಕೆ ಎರಡು ರಾತ್ರಿ ಮಾತ್ರ ಬಳಸಬೇಕು. ಈ ಗುಂಪಿನ ಆಮ್ಲಗಳು ಚರ್ಮವನ್ನು ಬಿಸಿಲಿಗೆ ಹೆಚ್ಚು ಸೂಕ್ಷ್ಮವಾಗಿಸುತ್ತವೆ. ಬಳಸುವಷ್ಟು ದಿನವೂ, ನಿಲ್ಲಿಸಿದ ಮೇಲೆ ಇನ್ನೊಂದು ವಾರವೂ ಸನ್‌ಸ್ಕ್ರೀನ್ ತಪ್ಪಿಸಬಾರದು. ಮಾರ್ಚಿನಿಂದ ಮೇ ತಿಂಗಳವರೆಗೆ ಬಯಲಲ್ಲಿ ದುಡಿಯುವವರು ಲ್ಯಾಕ್ಟಿಕ್ ಆಮ್ಲವನ್ನು ಪೂರ್ತಿ ಬಿಟ್ಟು ಅಜೆಲೈಕ್ ಆಮ್ಲದ ಕಡೆ ಹೋಗುವುದನ್ನು ನಾನು ಹೆಚ್ಚು ಇಷ್ಟಪಡುತ್ತೇನೆ.

ಅಜೆಲೈಕ್ ಆಮ್ಲದ ಕಥೆಯೂ ಸೂಕ್ಷ್ಮಜೀವಿಯೊಂದರಿಂದಲೇ ಆರಂಭವಾಗುತ್ತದೆ. ಚಿಬ್ಬು ಬಂದ ಜಾಗ ಏಕೆ ಬೆಳ್ಳಗಾಗುತ್ತದೆ ಎಂದು 1970ರ ದಶಕದಲ್ಲಿ ಇಟಲಿಯ ಸಂಶೋಧಕರು ಹುಡುಕಹೊರಟಾಗ, ಆ ಯೀಸ್ಟ್ ಕೊಬ್ಬಿನಿಂದ ತಯಾರಿಸುವ ಆಮ್ಲಗಳು ಟೈರೋಸಿನೇಸನ್ನು ತಡೆಯುತ್ತವೆಂದು ಕಂಡುಕೊಂಡರು. ಅವುಗಳಲ್ಲಿ ಒಂದಾದ ಅಜೆಲೈಕ್ ಆಮ್ಲ ಇಂದು ಬಂಗು ಮತ್ತು ಮೊಡವೆಗಳಿಗೆ ವೈದ್ಯರು ಬರೆದುಕೊಡುವ ಔಷಧಿ. ಅದು ಅತಿಯಾಗಿ ಕ್ರಿಯಾಶೀಲವಾದ ಮೆಲನೋಸೈಟುಗಳ ಮೇಲೆ ಹೆಚ್ಚು ಕೆಲಸ ಮಾಡುವುದರಿಂದ ಸುತ್ತಲಿನ ಸಹಜ ಬಣ್ಣ ಹಾಗೆಯೇ ಉಳಿಯುತ್ತದೆ. ಶೇ. 10ರ ತಯಾರಿಕೆಯಿಂದ ಆರಂಭಿಸಬಹುದು, ಶೇ. 20ರದ್ದು ವೈದ್ಯರ ಸಲಹೆಯ ಮೇಲೆ. ಹಚ್ಚಿದ ಮೊದಲ ದಿನಗಳಲ್ಲಿ ಸ್ವಲ್ಪ ಚುರುಚುರು ಎನ್ನುವುದು ಸಹಜ, ಮತ್ತು ಲೈಸೇಟ್ ಇರುವ ಮಾಯಿಶ್ಚರೈಸರನ್ನು ಮೊದಲು ಹಚ್ಚಿ ಅದರ ಮೇಲೆ ಇದನ್ನು ಹಚ್ಚಿದರೆ ಆ ಚುರುಚುರು ಕಡಿಮೆಯಾಗಬಹುದು. ಪ್ರೊಬಯಾಟಿಕ್ ಮೂಲದ ಲೇಪನಕ್ಕೆ ನಾನು ಕೊಡುವ ಮುಖ್ಯ ಸ್ಥಾನ ಇದೇ. ಮಧ್ಯದಲ್ಲಿ ಚರ್ಮ ಕೆಂಪಾಗಿ ಸುಲಿದರೆ ಆಮ್ಲವನ್ನು ನಿಲ್ಲಿಸಿ, ಲೈಸೇಟ್ ಮತ್ತು ಮಾಯಿಶ್ಚರೈಸರನ್ನಷ್ಟೇ ಮುಂದುವರಿಸಿ, ಪೂರ್ತಿ ಶಾಂತವಾದ ಮೇಲೆ ಕಡಿಮೆ ಬಾರಿ ಹಚ್ಚುತ್ತ ಮತ್ತೆ ಆರಂಭಿಸಬೇಕು.

ಮನೆಯ ಮೊಸರು ಮತ್ತು ಹುಳಿಬರಿಸಿದ ನೀರು

ಕೆನೆ ಮೊಸರನ್ನು ಹತ್ತು ನಿಮಿಷ ಮುಖಕ್ಕೆ ಹಚ್ಚಿ ತೊಳೆಯುವುದರಿಂದ ಹೆಚ್ಚಿನವರಿಗೆ ತೊಂದರೆಯಿಲ್ಲ. ಕೊಬ್ಬು ಮತ್ತು ಆಮ್ಲದಿಂದ ಚರ್ಮ ಮೃದುವಾಗುವುದೂ ನಿಜ. ಆದರೆ ಅದರಲ್ಲಿ ಲ್ಯಾಕ್ಟಿಕ್ ಆಮ್ಲವಿರುವುದು ಸುಮಾರು ಶೇ. 1ರ ಆಸುಪಾಸು, ತಳಿಗಳು ಯಾವುವೆಂದು ಪ್ರತಿ ಮನೆಯ ಹೆಪ್ಪಿಗೂ ಬೇರೆ ಬೇರೆ. ಬಂಗು ಅದರಿಂದ ಹೋಗುವುದಿಲ್ಲ. ಮಜ್ಜಿಗೆ, ತಂಬುಳಿಯಾಗಿ ಮೊಸರಿನ ಸ್ಥಾನ ಊಟದಲ್ಲಿ ಭದ್ರವಾಗಿಯೇ ಇದೆ, ಆದರೆ ಮೊಸರು ತಿಂದರೆ ಕಲೆ ಮಾಯುತ್ತದೆ ಎನ್ನುವಷ್ಟು ಆಧಾರವೂ ಇಲ್ಲ. ಅಕ್ಕಿ ತೊಳೆದ ನೀರನ್ನು ಎರಡು ಮೂರು ದಿನ ಹುಳಿಬರಿಸಿ ಮುಖಕ್ಕೆ ಹಚ್ಚುವ ಸಲಹೆ ವಿಡಿಯೋಗಳಲ್ಲಿ ಹರಿದಾಡುತ್ತಿದೆ. ಬಟ್ಟೆಯೇ ಬೂಸಲು ಹಿಡಿಯುವ ಮಲೆನಾಡಿನ ಮಳೆಗಾಲದಲ್ಲಿ ಆ ಪಾತ್ರೆಯಲ್ಲಿ ಏನೇನು ಬೆಳೆಯಿತೆಂದು ಕಣ್ಣಿನಿಂದ ಹೇಳಲಾಗದು, ಆದ್ದರಿಂದ ಅದನ್ನು ಬಿಡಬೇಕು. ಹೊಟ್ಟೆಗೆ ತೆಗೆದುಕೊಳ್ಳುವ ಪ್ರೊಬಯಾಟಿಕ್ ಕ್ಯಾಪ್ಸೂಲನ್ನು ಒಡೆದು ಮುಖಕ್ಕೆ ಹಚ್ಚುವುದಕ್ಕೂ ಇದೇ ಮಾತು. ಅದರ ಪ್ರಮಾಣವನ್ನು ಕರುಳಿಗಾಗಿ ನಿಗದಿ ಮಾಡಿರುತ್ತಾರೆ, ಚರ್ಮಕ್ಕಾಗಿ ಅಲ್ಲ.

ಕೊಂಡ ಬಾಟಲಿಯನ್ನು ಬಚ್ಚಲಲ್ಲಿ ಇಡದೆ, ಒಣಗಿದ ಕಪಾಟಿನಲ್ಲಿ ಮುಚ್ಚಳ ಬಿಗಿದು ಇಡಬೇಕು. ಬಾಯಿ ಅಗಲದ ಡಬ್ಬಿಯಾದರೆ ಒದ್ದೆ ಬೆರಳು ಅದ್ದಬಾರದು. ವಾಸನೆ ಅಥವಾ ಬಣ್ಣ ಬದಲಾದರೆ, ‘ಫರ್ಮೆಂಟ್ ಅಲ್ಲವೇ, ಹುಳಿ ವಾಸನೆ ಸಹಜ’ ಎಂದುಕೊಳ್ಳದೆ ಎಸೆಯಬೇಕು.

ಎಷ್ಟು ಕಾಲ ಕಾಯಬೇಕು, ಯಾವಾಗ ವೈದ್ಯರಲ್ಲಿಗೆ ಹೋಗಬೇಕು

ಚರ್ಮದ ಹೊರಪದರ ಪೂರ್ತಿ ಹೊಸದಾಗಲು ನಾಲ್ಕರಿಂದ ಆರು ವಾರ ಬೇಕು. ಹೀಗಾಗಿ 8ರಿಂದ 12 ವಾರಗಳ ಮೊದಲು ಫಲವನ್ನು ತೀರ್ಮಾನಿಸುವುದು ನ್ಯಾಯವಲ್ಲ. ದಿನವೂ ಕನ್ನಡಿಯಲ್ಲಿ ನೋಡುವವರಿಗೆ ಬದಲಾವಣೆ ತಿಳಿಯುವುದಿಲ್ಲ. ತಿಂಗಳಿಗೊಮ್ಮೆ, ಅದೇ ಕಿಟಕಿಯ ಅದೇ ಹೊತ್ತಿನ ಬೆಳಕಿನಲ್ಲಿ, ಮೊಬೈಲಿನ ಸೌಂದರ್ಯ ಫಿಲ್ಟರ್ ತೆಗೆದು ಫೋಟೋ ಹಿಡಿದಿಟ್ಟುಕೊಂಡರೆ ಹೋಲಿಸುವುದು ಸುಲಭ. ಮೊಡವೆ ಕಲೆಗಳು ಈ ಅವಧಿಯಲ್ಲಿ ಗಣನೀಯವಾಗಿ ತಿಳಿಯಾಗಬಹುದು. ಬಂಗು ಹಾಗಲ್ಲ, ಅದು ತಗ್ಗಿದರೂ ಮುಂದಿನ ಬೇಸಿಗೆಯಲ್ಲಿ ಮರಳುವ ಸ್ವಭಾವದ್ದು. ಆದ್ದರಿಂದ ತಿಳಿಯಾದ ಮೇಲೂ ಸನ್‌ಸ್ಕ್ರೀನ್ ಮತ್ತು ನಿಯಾಸಿನಮೈಡ್ ಇರುವ ಫರ್ಮೆಂಟ್ ಸೀರಂ ಮುಂದುವರಿಯಬೇಕು, ಆಮ್ಲಗಳನ್ನು ಮಾತ್ರ ಕಡಿಮೆ ಮಾಡಬಹುದು.

ಗರ್ಭಿಣಿಯರು ಹೈಡ್ರೋಕ್ವಿನೋನ್ ಮತ್ತು ಟ್ರೆಟಿನಾಯಿನ್ ಜಾತಿಯ ಔಷಧಿಗಳನ್ನು ಮುಟ್ಟಬಾರದು. ಸನ್‌ಸ್ಕ್ರೀನ್, ನಿಯಾಸಿನಮೈಡ್, ವೈದ್ಯರು ಒಪ್ಪಿದರೆ ಅಜೆಲೈಕ್ ಆಮ್ಲ ಅವರಿಗೆ ಸಾಕು. ಗರ್ಭಾವಸ್ಥೆಯಲ್ಲಿ ಮೂಡಿದ ಬಂಗು ಹೆರಿಗೆಯ ಬಳಿಕ ಹಲವರಲ್ಲಿ ತಾನಾಗಿಯೇ ತಗ್ಗುತ್ತದೆ.

ಮೂರು ತಿಂಗಳ ಶಿಸ್ತಿನ ಬಳಕೆಯ ಮೇಲೂ ಕಲೆ ಕದಲದಿದ್ದರೆ, ಅಥವಾ ಮಧ್ಯದಲ್ಲೇ ಇನ್ನಷ್ಟು ಹರಡಿದರೆ ಚರ್ಮವೈದ್ಯರನ್ನು ಕಾಣಬೇಕು. ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆ, ಪೀಲ್ (ರಾಸಾಯನಿಕದಿಂದ ಮೇಲ್ಪದರವನ್ನು ಸುಲಿಸುವುದು), ಲೇಸರ್ ಇವೆಲ್ಲ ಅವರ ನಿರ್ಧಾರಕ್ಕೆ ಬಿಟ್ಟದ್ದು. ಟ್ರಾನೆಕ್ಸಾಮಿಕ್ ಆಮ್ಲವು ರಕ್ತ ಹೆಪ್ಪುಗಟ್ಟುವಿಕೆಗೆ ಸಂಬಂಧಿಸಿದ ಔಷಧಿಯಾದ್ದರಿಂದ ಅದನ್ನು ಅಂಗಡಿಯಲ್ಲಿ ಕೇಳಿ ನುಂಗುವುದು ಅಪಾಯ. ಹೋಗುವಾಗ ತಿಂಗಳ ಫೋಟೋಗಳ ಜೊತೆಗೆ, ಇದುವರೆಗೆ ಹಚ್ಚಿದ ಪ್ರತಿಯೊಂದು ಟ್ಯೂಬು, ಸೀರಂ, ಎಣ್ಣೆ, ಕುಂಕುಮದ ಡಬ್ಬಿ ಮತ್ತು ಕೂದಲ ಬಣ್ಣದ ಪೊಟ್ಟಣವನ್ನು, ಖಾಲಿಯಾಗಿದ್ದರೂ ಹೆಸರು ಅಳಿಸಿಹೋಗಿದ್ದರೂ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಬೇಕು.